ಡಿವಿಡಿ ಮೆನುವಿನಲ್ಲಿ ಮಾತ್ರ ಮುಖ ಉದ್ದವಾಗಿ ಕಾಣುತ್ತಿದೆಯಾ? ಸರಿಪಡಿಸುವುದು ಹೀಗೆ

ಅಕ್ಕನ ಮಗಳ ಮದುವೆಯ ವಿಡಿಯೊವನ್ನು ಡಿವಿಡಿ ಮಾಡಿ ಊರಿಗೆ ಕಳಿಸಿದ್ದೆ. ಅದೇ ಸಂಜೆ ಅಕ್ಕನ ಫೋನ್ ಬಂತು. "ಮದುವೆಯೆಲ್ಲಾ ಚೆನ್ನಾಗಿ ಬರ್ತಿದೆ ಕಣೋ. ಶುರುವಿನಲ್ಲಿ ಫೋಟೊ ಬರುತ್ತಲ್ಲ, ಅದರಲ್ಲಿ ಮಾತ್ರ ಯಾಕೋ ಎಲ್ಲರ ಮುಖವೂ ಉದ್ದುದ್ದ ಇದೆ."

ಡಿಸ್ಕ್ ಒಂದೇ, ಟಿವಿ ಒಂದೇ. ವಿಡಿಯೊ ಸರಿ ಇದೆ, ಶುರುವಿನಲ್ಲಿ ಬರುವ ಆಯ್ಕೆಯ ಪುಟ, ಅಂದರೆ ಮೆನು ಮಾತ್ರ ತಪ್ಪಿದೆ. ಮನೆಯಲ್ಲೇ ಡಿವಿಡಿ ಮಾಡುವ ಬಹಳ ಜನರಿಗೆ ಎದುರಾಗುವ ತೊಂದರೆ ಇದು. ಕಾರಣ ತಿಳಿದರೆ ಅರ್ಧ ಗಂಟೆಯ ಕೆಲಸ.

ಆಕಾರ ಇರುವುದು ಗುರುತಿನಲ್ಲಿ

ನಮ್ಮಲ್ಲಿ ಬಳಸುವ ಪಾಲ್ ಟಿವಿ ಪದ್ಧತಿಯ ಡಿವಿಡಿಯಲ್ಲಿ ಪೂರ್ಣ ಚಿತ್ರದ ಅಳತೆ 720×576 ಪಿಕ್ಸೆಲ್. ಹಳೆಯ 4:3 ಚಿತ್ರಕ್ಕೂ ಅಷ್ಟೇ, 16:9 ವೈಡ್‌ಸ್ಕ್ರೀನ್‌ಗೂ ಅಷ್ಟೇ. ಹಾಗಾದರೆ ಯಾವುದನ್ನು ಎಷ್ಟು ಅಗಲಕ್ಕೆ ತೋರಿಸಬೇಕು ಅಂತ ಪ್ಲೇಯರ್‌ಗೆ ಗೊತ್ತಾಗುವುದು ಹೇಗೆ? ಡಿಸ್ಕಿನ ವಿವರಗಳಿರುವ ಐಎಫ್ಒ ಫೈಲ್‌ಗಳಲ್ಲಿ ಒಂದು ಸಣ್ಣ ಗುರುತು ಇರುತ್ತದೆ. ಪ್ಲೇಯರ್ ಅದನ್ನು ಓದಿ ಚಿತ್ರವನ್ನು ಅಗಲ ಮಾಡುತ್ತದೆ.

ಇಲ್ಲಿ ಮುಖ್ಯ ವಿಷಯ ಏನೆಂದರೆ, ಮೆನುವಿನ ಗುರುತು ಬೇರೆ, ವಿಡಿಯೊದ ಗುರುತು ಬೇರೆ. ವಿಡಿಯೊಗೆ 16:9 ಅಂತ ಹಾಕಿದ ಮಾತ್ರಕ್ಕೆ ಮೆನು ಅದನ್ನು ಅನುಸರಿಸುವುದಿಲ್ಲ. ಅಕ್ಕನ ಡಿಸ್ಕಿನಲ್ಲಿ ಆಗಿದ್ದು ಇದೇ. ಮೆನುವಿನ ಚಿತ್ರವನ್ನು ವೈಡ್‌ಸ್ಕ್ರೀನ್ ಆಗಿ ಮಾಡಿದ್ದೆ, ಗುರುತು 4:3 ಆಗಿಯೇ ಉಳಿದಿತ್ತು.

ನನ್ನ ಮನೆಯಲ್ಲಿ ಇದು ಗೊತ್ತೇ ಆಗಿರಲಿಲ್ಲ. ನಮ್ಮ ಟಿವಿ ಏನೇ ಬಂದರೂ ಪರದೆ ತುಂಬ ಎಳೆದು ತೋರಿಸುವ ಸೆಟ್ಟಿಂಗ್‌ನಲ್ಲಿತ್ತು. ತಪ್ಪು ಗುರುತಿನ ಮೆನುವೂ ಅದರಲ್ಲಿ ಸರಿಯಾಗೇ ಕಂಡಿತ್ತು. ಆದ್ದರಿಂದ ಮೊದಲು ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅನ್ನು ಆಟೊ ಅಥವಾ ನಾರ್ಮಲ್‌ಗೆ ಇಡಿ. ಆಮೇಲೆ ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿಯ ಆಕಾರ ಸರಿ ಇದೆಯಾ ನೋಡಿ. ಅಗಲದ ಟಿವಿಯಾದರೆ 16:9, ಹಳೆಯ ದಪ್ಪ ಟಿವಿಯಾದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುವ 4:3 ಲೆಟರ್‌ಬಾಕ್ಸ್.

ಒಂದು ದುಂಡು ಚುಕ್ಕೆ ಇಡಿ

ಮುಖ ನೋಡಿ ಅಂದಾಜು ಮಾಡುವುದು ಕಷ್ಟ. ಪರೀಕ್ಷೆಯ ಮೆನುವಿನಲ್ಲಿ ಒಂದು ದೊಡ್ಡ ವೃತ್ತ ಬರೆಯಿರಿ. ಟಿವಿಯಲ್ಲಿ ಅದು ನಿಂತ ಮೊಟ್ಟೆಯ ಹಾಗೆ ಕಂಡರೆ, 16:9 ಚಿತ್ರಕ್ಕೆ 4:3 ಗುರುತು ಬಿದ್ದಿದೆ. ಮಲಗಿದ ಮೊಟ್ಟೆಯಾದರೆ ತಪ್ಪು ಉಲ್ಟಾ. ದುಂಡಗೆ ಕಂಡು, ಆಯ್ಕೆಯ ಹೈಲೈಟ್ ಮಾತ್ರ ಅಕ್ಷರದ ಮೇಲೆ ಕೂರದೆ ಮೇಲೆ ಕೆಳಗೆ ಜಾರಿದ್ದರೆ ಅದು ಬೇರೆಯೇ ತೊಂದರೆ. ಅದನ್ನು ಮುಂದೆ ನೋಡೋಣ.

ಕಂಪ್ಯೂಟರ್‌ನಲ್ಲಿ ಸರಿ ಕಂಡರೆ ಸಾಕು ಅಂದುಕೊಳ್ಳಬೇಡಿ. ಆಕಾರದ ಮಾಹಿತಿ ವಿಡಿಯೊ ಫೈಲಿನ ಒಳಗೂ ಒಂದು ಕಡೆ ಇರುತ್ತದೆ. ಕಂಪ್ಯೂಟರ್ ಅದನ್ನು ನಂಬಿಬಿಡಬಹುದು. ಟಿವಿ ಪಕ್ಕದ ಪ್ಲೇಯರ್ ನೋಡುವುದು ಐಎಫ್ಒ ಗುರುತನ್ನು.

ಮೆನುವಿನ ಚಿತ್ರ ತಯಾರಿ

ಗಿಂಪ್ ಅಥವಾ ನಿಮಗೆ ಒಗ್ಗಿದ ಯಾವುದೇ ಸಾಫ್ಟ್‌ವೇರ್‌ನಲ್ಲಿ 1024×576 ಅಳತೆಯ ಚಿತ್ರ ಮಾಡಿ. ಅಮೆರಿಕದಲ್ಲಿರುವ ನೆಂಟರಿಗೆ ಅಲ್ಲಿನ ಟಿವಿ ಪದ್ಧತಿಯ ಎನ್‌ಟಿಎಸ್‌ಸಿ ಡಿಸ್ಕ್ ಮಾಡುವುದಾದರೆ 854×480. ಇದನ್ನು 720ರ ಅಗಲಕ್ಕೆ ಒತ್ತುವ ಕೆಲಸವನ್ನು ಡಿವಿಡಿ ಸಾಫ್ಟ್‌ವೇರ್ ತಾನೇ ಮಾಡುತ್ತದೆಯಾ ಅಂತ ಆ ವೃತ್ತದಿಂದಲೇ ತಿಳಿದುಕೊಳ್ಳಿ. ನೀವೂ ಒತ್ತಿ, ಅದೂ ಒತ್ತಿದರೆ ಚಿತ್ರ ಎರಡು ಸಲ ಕಿರಿದಾಗುತ್ತದೆ. ಆಗ ಗುರುತು ಸರಿ ಇದ್ದರೂ ಮೊಟ್ಟೆ ನಿಂತೇ ಇರುತ್ತದೆ.

ಹಳೆಯ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತವೆ. ಹಾಗಾಗಿ ಬರಹವನ್ನು ನಾಲ್ಕೂ ಕಡೆ ಹತ್ತನೇ ಒಂದು ಭಾಗ ಬಿಟ್ಟು ಒಳಗೆ ಇಡಿ. ಕನ್ನಡ ಬರೆಯುವವರಿಗೆ ಇನ್ನೊಂದು ಮಾತು. ಕೆಲವು ಡಿವಿಡಿ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರಗಳು ಕಳಚಿಕೊಂಡು ಬರುತ್ತವೆ. 'ಆರತಕ್ಷತೆ' ಅಂತ ಬರೆದರೆ 'ಕ್ಷ' ಒಡೆದು ನಿಲ್ಲುತ್ತದೆ. ಬರಹವನ್ನು ಚಿತ್ರದಲ್ಲೇ ಬರೆದು, ಅದರ ಮೇಲೆ ಬರಹವಿಲ್ಲದ ಬಟನ್ ಇಡುವುದು ಒಳ್ಳೆಯದು. ಫಾಂಟ್ ದಪ್ಪ ಇರಲಿ. ತೆಳು ಗೆರೆಗಳು ಹಳೆಯ ಟಿವಿಯಲ್ಲಿ ನಡುಗುತ್ತವೆ, ಒತ್ತು ಮೊದಲು ಮಾಯವಾಗುತ್ತದೆ.

ಗುರುತು ಬದಲಿಸುವುದು

ಉಚಿತವಾಗಿ ಸಿಗುವ ಡಿವಿಡಿಸ್ಟೈಲರ್ ಬಳಸುತ್ತಿದ್ದರೆ, ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ಪಾಲ್ ಮತ್ತು 16:9 ಆರಿಸಿ. ಆಮೇಲೆ ಮೆನು ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅಲ್ಲೂ 16:9 ಇದೆಯಾ ನೋಡಿ. ಜನ ಮರೆಯುವುದು ಈ ಎರಡನೆಯದನ್ನೇ.

ಹಳೆಯ ಕ್ಯಾಸೆಟ್ಟಿನ 4:3 ವಿಡಿಯೊ ಮತ್ತು ಈಗಿನ 16:9 ವಿಡಿಯೊ ಎರಡೂ ಒಂದೇ ಡಿಸ್ಕಿನಲ್ಲಿ ಬೇಕಾದರೆ ಎರಡು ಬೇರೆ ವಿಡಿಯೊ ಗುಂಪು, ಅಂದರೆ ಎರಡು ಟೈಟಲ್‌ಸೆಟ್ ಮಾಡಿ. ಒಂದು ಟೈಟಲ್‌ಸೆಟ್‌ನ ವಿಡಿಯೊಗಳಿಗೆ ಒಂದೇ ಆಕಾರ ಇರಬೇಕು ಅನ್ನುವುದು ಡಿವಿಡಿಯ ನಿಯಮ.

ಡಿಸ್ಕ್ ಆಗಲೇ ಬರ್ನ್ ಆಗಿದ್ದು, ಪ್ರಾಜೆಕ್ಟ್ ಫೈಲ್ ಕಳೆದುಹೋಗಿದ್ದರೂ ದಾರಿ ಇದೆ. ವಿಡಿಯೊ ಟಿಎಸ್ (VIDEO_TS) ಫೋಲ್ಡರನ್ನು ಕಂಪ್ಯೂಟರ್‌ಗೆ ನಕಲು ಮಾಡಿ. ಐಎಫ್ಒ ಫೈಲ್ ತಿದ್ದುವ ಸಾಫ್ಟ್‌ವೇರ್‌ಗಳಾದ ಐಎಫ್ಒಎಡಿಟ್ ಅಥವಾ ಪಿಜಿಸಿಎಡಿಟ್‌ನಲ್ಲಿ ತೆರೆದು ಮೆನುವಿನ ವಿಡಿಯೊ ವಿವರದಲ್ಲಿ 4:3 ಇರುವುದನ್ನು 16:9 ಮಾಡಿ. ಮುಖ್ಯ ಮೆನುವಿಗೆ ಒಂದು, ಪ್ರತಿ ಟೈಟಲ್‌ಸೆಟ್‌ನ ಮೆನುವಿಗೆ ಒಂದೊಂದು ಗುರುತು ಇರುತ್ತದೆ, ಎಲ್ಲವನ್ನೂ ನೋಡಿ. ಐಎಫ್ಒ ಫೈಲಿನ ನಕಲೇ ಬಿಯುಪಿ ಫೈಲ್. ಅದೂ ಬದಲಾಗಬೇಕು. ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡುವ ಅಗತ್ಯವಿಲ್ಲ.

ಹೈಲೈಟ್ ಜಾರುವುದು ಯಾಕೆ?

ಬಟನ್ ಮೇಲೆ ಬರುವ ಬಣ್ಣದ ಹೈಲೈಟ್ ಹಿನ್ನೆಲೆ ಚಿತ್ರದ ಭಾಗವಲ್ಲ. ಪ್ಲೇಯರ್ ಅದನ್ನು ಬೇರೆ ಪದರವಾಗಿ ಮೇಲೆ ಹಾಸುತ್ತದೆ. 16:9 ಮೆನುವನ್ನು 4:3 ಟಿವಿಗೆ ಕಳಿಸುವಾಗ ಪ್ಲೇಯರ್ 576 ಸಾಲುಗಳನ್ನು 432ಕ್ಕೆ ಕುಗ್ಗಿಸಿ, ಮೇಲೆ 72 ಮತ್ತು ಕೆಳಗೆ 72 ಸಾಲು ಕಪ್ಪು ಬಿಡುತ್ತದೆ. ಹೈಲೈಟ್ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಉದಾಹರಣೆಗೆ 400ನೇ ಸಾಲಿನಲ್ಲಿದ್ದ ಬರಹ ಮುಕ್ಕಾಲಾಗಿ 300, ಅದಕ್ಕೆ 72 ಕೂಡಿ 372ಕ್ಕೆ ಬರುತ್ತದೆ. ಹೈಲೈಟ್ ಇನ್ನೂ 400ರಲ್ಲೇ ಇರುತ್ತದೆ.

ಇದಕ್ಕೆ ಸರಿಯಾದ ಪರಿಹಾರ ಎಂದರೆ ಹೈಲೈಟ್ ಪದರವನ್ನು ಎರಡು ಮಾಡುವುದು, ಒಂದು ವೈಡ್‌ಸ್ಕ್ರೀನ್‌ಗೆ, ಒಂದು ಲೆಟರ್‌ಬಾಕ್ಸ್‌ಗೆ. ಡಿವಿಡಿಆಥರ್‌ನಂಥ ಸಾಫ್ಟ್‌ವೇರ್‌ನಲ್ಲಿ ಇವೆರಡನ್ನೂ ಹೆಸರಿಸಿ ಕೊಡಬಹುದು. ಹೀಗೆ ಮಾಡಿದಾಗ ಒಂದು ಮೆನುವಿನಲ್ಲಿ ಬಟನ್‌ಗಳ ಮಿತಿ 36ರಿಂದ 18ಕ್ಕೆ ಇಳಿಯುತ್ತದೆ. ಮನೆಯ ಡಿಸ್ಕಿಗೆ 18 ಧಾರಾಳವಾಯ್ತು ಅಲ್ವಾ? ಪ್ಯಾನ್ ಸ್ಕ್ಯಾನ್ ಬೇಡ ಅಂತಲೂ ಗುರುತು ಹಾಕಿ. ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳು ಮೆನುವಿನ ಎರಡು ಬದಿ ಕತ್ತರಿಸಿಬಿಡುತ್ತವೆ.

ಅಷ್ಟೆಲ್ಲಾ ಆಗದಿದ್ದರೆ ನಾನು ಮಾಡುವ ಉಪಾಯ ಒಂದಿದೆ. ಬಟನ್‌ಗಳನ್ನು ಪರದೆಯ ನಡುವಿನ ಸಾಲಿನಲ್ಲಿ ಅಕ್ಕಪಕ್ಕ ಜೋಡಿಸುತ್ತೇನೆ. ಕುಗ್ಗಿಸಿದರೂ 288ನೇ ಸಾಲು 288ರಲ್ಲೇ ಉಳಿಯುತ್ತದೆ. ಮುಹೂರ್ತ, ಆರತಕ್ಷತೆ, ಫೋಟೊ ಅಂತ ಮೂರೇ ಬಟನ್ ಇರುವ ಡಿಸ್ಕಿಗೆ ಇದು ಸಾಕು.

ಬರ್ನ್ ಮಾಡುವ ಮೊದಲು

ಮೊದಲ ಪ್ರತಿಯನ್ನು ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕಿಗೆ ಹಾಕಿ. ಟಿವಿಯಲ್ಲಿ ಪ್ಲೇಯರ್ ಸೆಟ್ಟಿಂಗನ್ನು ಒಮ್ಮೆ 16:9ಕ್ಕೆ, ಒಮ್ಮೆ 4:3 ಲೆಟರ್‌ಬಾಕ್ಸ್‌ಗೆ ಬದಲಿಸಿ ನೋಡಿ. ಎರಡನೇ ಸಲ ಮೆನು ಚಪ್ಪಟೆಯಾಗಿ, ಅಗಲಕ್ಕೆ ಕಾಣಬಹುದು ಅಥವಾ ಸುತ್ತ ಕಪ್ಪು ಬರಬಹುದು. ಟಿವಿ ಅಗಲದ್ದಾದ್ದರಿಂದ ಹಾಗಾಗುತ್ತದೆ, ಯೋಚನೆ ಬೇಡ. ನೋಡಬೇಕಾದ್ದು ಹೈಲೈಟ್ ಬರಹದ ಮೇಲೇ ಕೂತಿದೆಯಾ ಅನ್ನುವುದು. ಬಾಣದ ಗುಂಡಿ ಒತ್ತಿ ಒಂದೊಂದೇ ಬಟನ್ ಮೇಲೆ ಹೋಗಿ ಬನ್ನಿ. ಎಲ್ಲವೂ ಸರಿ ಬಂದರೆ ವೃತ್ತ ಅಳಿಸಿ, ಅಲ್ಲಿ ಮದುಮಕ್ಕಳ ಫೋಟೊ ಹಾಕಿ, ಡಿವಿಡಿ-ಆರ್‌ಗೆ ಬರ್ನ್ ಮಾಡಿ.