ಹಾಳಾದ ಕ್ಯೂಬ್ ರಿಪೇರಿ ಮಾಡಿ ಹೊಸದನ್ನು ಮಾರಿದ ನನ್ನ ಅನುಭವ

ಉಡುಪಿಯ ರಥಬೀದಿಯ ಹತ್ತಿರ ನನ್ನದೊಂದು ಆಟಿಕೆ ಅಂಗಡಿಯಿದೆ. ರೂಬಿಕ್ಸ್ ಕ್ಯೂಬ್ ಕೊಂಡವರಿಗೆ ಉಚಿತವಾಗಿ ರಿಪೇರಿ ಮಾಡಿಕೊಡುತ್ತೇನೆ ಎಂದಾಗ, ಮಂಗಳೂರಿನ ಹೋಲ್‌ಸೇಲ್ ವ್ಯಾಪಾರಿಯೂ ನನ್ನ ಅಣ್ಣನೂ 80 ರೂಪಾಯಿಯ ವಸ್ತುವಿಗೆ ರಿಪೇರಿ ಏಕೆ ಎಂದು ಕೇಳಿದ್ದರು. ಮೂರು ವರ್ಷ ಕಳೆದ ಮೇಲೆ ಈಗ ಉತ್ತರ ಬರೆಯಬಲ್ಲೆ.

ಮೊದಲ ವರ್ಷ ಸುಮಾರು 200 ಸ್ಟಿಕ್ಕರ್ ಕ್ಯೂಬ್ ತರಿಸಿದೆ. ಜೂನ್ ಮಳೆ ಹಿಡಿಯುತ್ತಿದ್ದಂತೆ ಸ್ಟಿಕ್ಕರಿನ ಅಂಚುಗಳು ಏಳತೊಡಗಿ, ಆಗಸ್ಟ್ ಹೊತ್ತಿಗೆ 70ರಷ್ಟು ವಾಪಸು ಬಂದವು. ಐದು ಸಾವಿರ ರೂಪಾಯಿ ಹೋಯಿತು. ಅಂದಿನಿಂದ ಬಣ್ಣದ ಪ್ಲಾಸ್ಟಿಕ್ಕಿನ ಸ್ಟಿಕ್ಕರ್‌ರಹಿತ ಕ್ಯೂಬನ್ನಷ್ಟೇ ಇಡುತ್ತೇನೆ.

ಆದರೆ ವಾಪಸು ಬಂದವುಗಳಲ್ಲಿ ಅರ್ಧದಷ್ಟು ನಿಜವಾಗಿ ಕೆಟ್ಟಿರಲಿಲ್ಲ. ಮಕ್ಕಳು ಅವನ್ನು ಕಳಚಿ ಮನಬಂದಂತೆ ಕೂಡಿಸಿದ್ದರು. ಹಾಗೆ ಕೂಡಿಸಿದರೆ ಸರಾಸರಿ 12 ಕ್ಯೂಬುಗಳಲ್ಲಿ ಒಂದು ಮಾತ್ರ ತಿರುಗಿಸಿ ಬಗೆಹರಿಸಬಹುದಾದ ಸ್ಥಿತಿಯಲ್ಲಿ ಉಳಿಯುತ್ತದೆ. ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದು, "ಇದು ಹಾಳಾಗಿದೆ ಮಾರಾಯ್ರೆ, ಬೇರೆ ಕೊಡಿ" ಎಂದರು. ನಾನು ಕೊನೆಯ ಪದರದವರೆಗೆ ಜೋಡಿಸಿದಾಗ ಒಂದೇ ಮೂಲೆ ತುಂಡು ತಿರುಚಿ ನಿಂತಿತ್ತು. ಮೇಲಿನ ಪದರವನ್ನು ಅರೆ ತಿರುಗಿಸಿ, ಹೆಬ್ಬೆರಳಿನಿಂದ ಆ ಮೂಲೆಯನ್ನು ಎತ್ತಿ, ಸರಿಯಾಗಿ ಕೂರಿಸಿದಾಗ 'ಟಿಕ್' ಎಂದಿತು. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಹದಿನೈದು ದಿನಗಳಲ್ಲಿ ಅವನೇ ಬಂದು 350 ರೂಪಾಯಿಯ, ಒಳಗೆ ಪುಟ್ಟ ಆಯಸ್ಕಾಂತಗಳಿರುವ ಮ್ಯಾಗ್ನೆಟ್ ಕ್ಯೂಬ್ ಕೊಂಡ.

ಕ್ಯೂಬ್ ಸಲೀಸಾಗಿ ತಿರುಗಲೆಂದು ಒಳಗೆ ಹಾಕುವ ಎಣ್ಣೆಯ ವಿಷಯದಲ್ಲಿ ಬಹಳ ಪ್ರಯೋಗ ಮಾಡಿದ್ದೇನೆ. ತೆಂಗಿನೆಣ್ಣೆ ವಾರದೊಳಗೆ ಧೂಳು ಹಿಡಿದು ಅಂಟಾಯಿತು. ಕೇರಂ ಪುಡಿ ಬೇಸಿಗೆಯಲ್ಲಿ ಚೆನ್ನಾಗಿದ್ದರೂ ಮಳೆಗಾಲದಲ್ಲಿ ಗಂಟುಕಟ್ಟಿತು. ಸಿಲಿಕೋನ್ ಎಣ್ಣೆಯೇ ಉಳಿದದ್ದು. ಎಷ್ಟು ಹನಿ, ಯಾವ ತುಂಡಿಗೆ ಮೊದಲು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅಂಗಡಿಯ ಬಂಡವಾಳ.

1974ರಲ್ಲಿ ಬುಡಾಪೆಸ್ಟ್‌ನಲ್ಲಿ ಎರ್ನೋ ರೂಬಿಕ್ ರಚಿಸಿ, 1980ರಿಂದ ಜಗತ್ತಿನೆಲ್ಲೆಡೆ ಮಾರಾಟವಾದ ಈ ಆಟಿಕೆ ಇಂದಿಗೂ ಹಳತಾಗದಿರುವುದಕ್ಕೆ, ಕಲಿತವರು ಇನ್ನೂ ಚೆನ್ನಾಗಿ ತಿರುಗುವ ಕ್ಯೂಬ್ ಬೇಕೆಂದು ಮರಳಿ ಬರುವುದೇ ಕಾರಣವೆಂದು ನಾನು ಅಂಗಡಿಯಲ್ಲಿ ಕಂಡುಕೊಂಡಿದ್ದೇನೆ. 2017ರಲ್ಲಿ ನಾನು ತರಿಸಿದ, ಬೆರಳ ಮೇಲೆ ಗಿರಗಿರನೆ ತಿರುಗಿಸುವ ಫಿಜೆಟ್ ಸ್ಪಿನ್ನರುಗಳ ಎರಡು ಡಬ್ಬಿ ಅಟ್ಟದಲ್ಲೇ ಇವೆ. ಅವುಗಳಲ್ಲಿ ಕಲಿಯುವುದಕ್ಕೆ ಏನೂ ಇರಲಿಲ್ಲ. ಆದ್ದರಿಂದ ಗಿರಾಕಿಗೆ ಬಿಳಿ ಕ್ರಾಸ್, ಅಂದರೆ ಒಂದು ಮುಖದಲ್ಲಿ ಬಿಳಿ ಬಣ್ಣವನ್ನು ಕೂಡು ಚಿಹ್ನೆಯಂತೆ ಜೋಡಿಸುವ ಮೊದಲ ಹಂತ, ಮಾಡುವುದನ್ನು ಅಂಗಡಿಯಲ್ಲೇ ಹತ್ತು ನಿಮಿಷ ಕಲಿಸಿ, ಉಳಿದದ್ದನ್ನು ಅವರಿಗೇ ಬಿಡುತ್ತೇನೆ.

ಕಳೆದ ವರ್ಷ ತಿಂಗಳಿಗೆ 40ರ ಆಸುಪಾಸು ಕ್ಯೂಬ್ ಹೋದವು, ಅದರಲ್ಲಿ ಮೂರನೇ ಒಂದು ಪಾಲು ಮ್ಯಾಗ್ನೆಟ್‌ನವು. ರಿಪೇರಿಗೆ ತಿಂಗಳಿಗೆ 200 ರೂಪಾಯಿಗಿಂತ ಹೆಚ್ಚು ತಗಲಲಿಲ್ಲ. ಈ ಸಲದ ಪಾರ್ಸೆಲ್ಲಿನಲ್ಲಿ ಹೋಲ್‌ಸೇಲ್ ವ್ಯಾಪಾರಿ, ನಾನು ಕೇಳದೆಯೇ, ಒಂದು ಪೊಟ್ಟಣ ಬಿಡಿ ಸ್ಕ್ರೂ ಮತ್ತು ಸ್ಪ್ರಿಂಗ್ ಇಟ್ಟು ಕಳುಹಿಸಿದ್ದಾರೆ.