140 ಮೀಟರ್ ಉದ್ದದಲ್ಲಿ ನಾಲ್ಕು ಟರೆಟ್‌ಗಳು ನಡುಗೆರೆಯ ಮೇಲೆ: ನನ್ನ ಅನುಭವ

ಸ್ಪೇನಿನ 1908ರ ನೌಕಾ ಕಾಯ್ದೆಯಂತೆ ಫೆರೋಲ್‌ನಲ್ಲಿ ಕಟ್ಟಿದ ಎಸ್ಪಾನ್ಯಾ ವರ್ಗದ ಮೂರು ಯುದ್ಧನೌಕೆಗಳಿಗೆ ನಾಲ್ಕನೆಯದೊಂದನ್ನು ಸೇರಿಸಿದ್ದರೆ ಅದು ಹೇಗಿರಬಹುದಿತ್ತು ಎಂಬುದು ನಾನು ಎತ್ತಿಕೊಂಡ ಕಲ್ಪನೆ. ಅದೇ 140 ಮೀಟರ್ ಉದ್ದ, ಅದೇ 24 ಮೀಟರ್ ಅಗಲ, ಅದೇ ಎಂಟು 12 ಇಂಚಿನ ಫಿರಂಗಿಗಳು, ಅದೇ 19.5 ನಾಟ್ ವೇಗ. ಬದಲಾವಣೆ ಒಂದೇ: ಎರಡು ಪಕ್ಕಗಳಲ್ಲಿ ಓರೆಯಾಗಿ ಕುಳಿತಿದ್ದ ನಡುವಿನ ಟರೆಟ್‌ಗಳನ್ನು (ತಿರುಗುವ ಫಿರಂಗಿ ಗೋಪುರಗಳನ್ನು) ಹಡಗಿನ ನಡುಗೆರೆಗೆ ತಂದು, ಮುಂದಿನ ಮತ್ತು ಹಿಂದಿನ ಟರೆಟ್‌ಗಳ ಬೆನ್ನಿಗೆ, ಅವುಗಳ ಮೇಲಿನಿಂದ ಗುಂಡು ಹಾರಿಸುವಷ್ಟು ಎತ್ತರದಲ್ಲಿ ಕೂರಿಸುವುದು. ಕಾಲ್ಪನಿಕ ಯುದ್ಧನೌಕೆಗಳನ್ನು ಲೆಕ್ಕಹಾಕಿ ಬಿಡಿಸುವ ಈ ಹವ್ಯಾಸದಲ್ಲಿ ನನಗಿಂತ ಹಳಬರಾದ ಗೆಳೆಯರು ಇಂಥ ಹಡಗು ಬಂದರಿನಲ್ಲೇ ಮಗುಚುತ್ತದೆ ಎಂದು ನಕ್ಕಿದ್ದರು. ಅದು ಮಗುಚಲಿಲ್ಲವಾದ್ದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಅಮೆರಿಕದ ಯುದ್ಧನೌಕೆ ಸೌತ್ ಕ್ಯಾರೊಲಿನಾ ಸುಮಾರು 138 ಮೀಟರ್ ಉದ್ದದಲ್ಲಿ, ಕಾಂಗ್ರೆಸ್ ಹಾಕಿದ 16,000 ಟನ್ನಿನ ಮಿತಿಯೊಳಗೆ ಇದೇ ಜೋಡಣೆಯನ್ನು ಸಾಧಿಸಿತ್ತಾದರೂ ಅದರ ವೇಗ 18.5 ನಾಟ್ ಮಾತ್ರ. ಅವರಿಗೆ ದಕ್ಕದ ಒಂದು ನಾಟ್ ನಿನಗೆ ಎಲ್ಲಿಂದ ಬಂತು ಎಂಬುದು ಗೆಳೆಯರ ಪ್ರಶ್ನೆ. ಅವರದು ಹಳೆಯ ಪಿಸ್ಟನ್ ಎಂಜಿನ್, ನನ್ನದು ಪಾರ್ಸನ್ಸ್ ಟರ್ಬೈನ್. ಅವರ ಬೆಲ್ಟ್ ಕವಚದ (ನೀರಿನ ಮಟ್ಟದಲ್ಲಿ ಒಡಲ ಪಕ್ಕಗಳಿಗೆ ಹೊದಿಸುವ ಉಕ್ಕು) ಗರಿಷ್ಠ ದಪ್ಪ 12 ಇಂಚು, ನನ್ನದು ಎಸ್ಪಾನ್ಯಾದಂತೆ 8 ಇಂಚು. ಹೀಗಾಗಿ ವೇಗ ನನಗೆ ತೊಡಕೇ ಆಗಲಿಲ್ಲ. ತೊಡಕಾದದ್ದು ಎತ್ತರದಲ್ಲಿ ಕುಳಿತ ತೂಕ.

ನನ್ನ ಮೊದಲ ಕರಡುಗಳೆಲ್ಲ ಕೆಟ್ಟದ್ದು ಒಂದೇ ದಾರಿಯಲ್ಲಿ. ಫಿರಂಗಿಯಿಂದ ಆರಂಭಿಸಿದರೆ ಅದಕ್ಕೆ ಬಾರ್ಬೆಟ್ (ಟರೆಟ್ ಕೂರುವ ಕವಚದ ಕೊಳವೆ) ಬೇಕು, ಬಾರ್ಬೆಟ್ ಹೊರಲು ಅಗಲ ಬೇಕು, ಅಗಲವಾದ ಒಡಲನ್ನು ಅದೇ ವೇಗದಲ್ಲಿ ತಳ್ಳಲು ಉದ್ದ ಬೇಕು, ಉದ್ದವಾದದ್ದನ್ನು ಮುಚ್ಚಲು ಇನ್ನಷ್ಟು ಕವಚ ಬೇಕು; ಕೊನೆಗೆ ಕೈಗೆ ಬರುವುದು ಬ್ರಿಟನ್ನಿನ 1906ರ ದೊಡ್ಡ ಯುದ್ಧನೌಕೆಯಂಥ 18,000 ಟನ್ನಿನ ಇನ್ನೊಂದು ಡ್ರೆಡ್‌ನಾಟ್. ಒಂದು ಕರಡಿನಲ್ಲಿ 20.5 ನಾಟ್ ಬೇಕೆಂಬ ಆಸೆಗೆ ಬಿದ್ದು, ಅಶ್ವಶಕ್ತಿ 15,500ರಿಂದ 18,000 ದಾಟಿ, ಬಾಯ್ಲರ್ ಕೋಣೆ ಮದ್ದಿನ ಕೋಣೆಯನ್ನೇ ನುಂಗಿತು. ಹಡಗಿನ ವಿನ್ಯಾಸವನ್ನು ಪರೀಕ್ಷಿಸುವ ಸ್ಪ್ರಿಂಗ್‌ಶಾರ್ಪ್ ತಂತ್ರಾಂಶ ಈ ಕರಡುಗಳಲ್ಲಿ ಕೆಲವನ್ನು ಒಪ್ಪಿಕೊಂಡಿತ್ತು ಎಂಬುದನ್ನೂ ಹೇಳಬೇಕು. ಆ ತಂತ್ರಾಂಶ ಒಪ್ಪಿದ ಮಾತ್ರಕ್ಕೆ ಹಡಗು ನೆಟ್ಟಗೆ ನಿಲ್ಲುವುದಿಲ್ಲ.

ಕೊನೆಗೆ ಲೆಕ್ಕವನ್ನು ತಿರುವುಹಾಕಿದೆ. ಎಸ್ಪಾನ್ಯಾ ಅಷ್ಟು ಚಿಕ್ಕದಾದದ್ದಕ್ಕೆ ಕಾರಣ ಸ್ಪೇನಿನ ಬೊಕ್ಕಸ ಮತ್ತು ಅಲ್ಲಿನ ಡ್ರೈಡಾಕ್‌ಗಳು (ನೀರು ಬಸಿದು ಹಡಗನ್ನು ದುರಸ್ತಿ ಮಾಡುವ ಕಟ್ಟೆಗಳು). ಆದ್ದರಿಂದ ಡಾಕ್‌ನ ಅಳತೆಯನ್ನು ಮೊದಲು ಬರೆದೆ, ಹಡಗಿನ ಒಟ್ಟು ತೂಕವಾಗಿ 15,600 ಟನ್ನನ್ನು ಅದರ ಕೆಳಗೆ ಬರೆದೆ, ಮೆಟಾಸೆಂಟ್ರಿಕ್ ಎತ್ತರ (ಹಡಗು ಮಗುಚದೆ ನಿಲ್ಲುವ ಶಕ್ತಿಯ ಅಳತೆ) ಒಂದೂವರೆ ಮೀಟರಿಗಿಂತ ಕಡಿಮೆಯಾಗಬಾರದೆಂದು ಗೆರೆ ಎಳೆದೆ. ಈ ಮೂರನ್ನು ಆಮೇಲೆ ಮುಟ್ಟಲೇ ಇಲ್ಲ. ನೀರಿನಲ್ಲಿ ಮುಳುಗುವ 7.7 ಮೀಟರ್ ಆಳಕ್ಕೆ ಬ್ಲಾಕ್ ಕೋಎಫಿಶಿಯೆಂಟ್ (ಉದ್ದ, ಅಗಲ, ಆಳಗಳ ಪೆಟ್ಟಿಗೆಯಲ್ಲಿ ಒಡಲು ತುಂಬುವ ಪಾಲು) 0.59ರ ಹತ್ತಿರ ಬಂತು. ತೂಕದ ಹಂಚಿಕೆಗೆ ಡ್ರೆಡ್‌ನಾಟ್‌ನ ಅನುಪಾತಗಳನ್ನೇ ಹಿಡಿದು ತಿದ್ದಿಕೊಂಡೆ: ಒಡಲಿಗೆ 5,500 ಟನ್, ಕವಚಕ್ಕೆ 4,100, ಶಸ್ತ್ರಗಳಿಗೆ 2,750, ಯಂತ್ರಗಳಿಗೆ 1,600, ಕಲ್ಲಿದ್ದಲಿಗೆ 900, ಸಾಮಾನು ಸರಂಜಾಮಿಗೆ 600. ಉಳಿದ ನೂರೈವತ್ತು ಟನ್ನನ್ನು ಯಾರಿಗೂ ಕೊಡದೆ ಇಟ್ಟುಕೊಂಡೆ, ಆದರೆ ಅದು ಬಹಳ ಕಾಲ ಉಳಿಯಲಿಲ್ಲ.

ಬಾರ್ಬೆಟ್‌ನ ಪಾಲೂ ಸೇರಿದಂತೆ ಒಂದು ಟರೆಟ್ ಸುಮಾರು 550 ಟನ್ ಎಂದಿಟ್ಟುಕೊಂಡರೆ, ಎರಡನ್ನು ಮೂರು ಮೀಟರ್ ಮೇಲಕ್ಕೆತ್ತಿದಾಗ ಹಡಗಿನ ಗುರುತ್ವಕೇಂದ್ರ 21 ಸೆಂಟಿಮೀಟರ್ ಏರುತ್ತದೆ. ಎತ್ತರಗೊಂಡ ಬಾರ್ಬೆಟ್‌ನ ಉಕ್ಕನ್ನೂ ಸೇರಿಸಿದರೆ ನಷ್ಟ ಕಾಲು ಮೀಟರಿಗೂ ಮೇಲೆ. ಅದನ್ನು ಮರಳಿ ಗಳಿಸಿದ್ದು ಚಿಲ್ಲರೆ ಚಿಲ್ಲರೆಯಾಗಿ. 4 ಇಂಚಿನ ಇಪ್ಪತ್ತು ಫಿರಂಗಿಗಳನ್ನು ಹದಿನಾಲ್ಕಕ್ಕೆ ಇಳಿಸಿದೆ, ಹಿಂದಿನ ಕಾನಿಂಗ್ ಟವರನ್ನು (ಹಡಗು ನಡೆಸಲು ಕವಚ ಹೊದಿಸಿದ ಕೋಣೆ) ಕಿತ್ತುಹಾಕಿದೆ, ಪಕ್ಕದ ಟರೆಟ್‌ಗಳು ಹೋದದ್ದರಿಂದ ಬಿಡುವಾದ ನಡುಭಾಗದ ಕಟ್ಟಡವನ್ನು ಒಂದು ಅಂತಸ್ತು ತಗ್ಗಿಸಿದೆ. ಮೇಲಿನ ಟರೆಟ್‌ಗಳ ಏರಿಕೆಯನ್ನು ಮೂರು ಮೀಟರಿನಿಂದ ಎರಡೂವರೆಗೆ ತಂದದ್ದೂ ಇದರಲ್ಲಿ ಸೇರಿದೆ. ಕೆಳಗಿನ ಟರೆಟ್‌ನ ಸೂರಿಗೆ ತಾಗದಂತೆ ಅದನ್ನು ಹೇಗೆ ಸಾಧಿಸಿದೆ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಬಾರ್ಬೆಟ್‌ನ ಅಡ್ಡಸೀಳನ್ನು ಸ್ವತಃ ಬಿಡಿಸಿದವರಿಗೆ ಅದು ಹೊಳೆಯದೆ ಇರದು.

ಕಾಗದದ ಲೆಕ್ಕವನ್ನು ಗೆಳೆಯರು ನಂಬದಿದ್ದುದರಿಂದ 1:200ರ ಮಾದರಿಯೊಂದನ್ನು ನೀರಿಗಿಳಿಸಲೇಬೇಕಾಯಿತು. ಉದ್ದ 70 ಸೆಂಟಿಮೀಟರ್, ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಈ ಅಳತೆಯಲ್ಲಿ ಒಂದೊಂದು ಟರೆಟ್ ಎಪ್ಪತ್ತು ಗ್ರಾಮಿಗೆ ಇಳಿಯುತ್ತದೆ. ಪ್ರತಿಯೊಂದು ದೊಡ್ಡ ತೂಕಕ್ಕೂ ಅದರದೇ ಎತ್ತರದಲ್ಲಿ ಗಾಳದ ಸೀಸದ ಗುಂಡುಗಳನ್ನು ಅಂಟಿಸಿದೆ. ಒಡಲನ್ನು ಯಂತ್ರದಲ್ಲಿ ಕೊರೆಸಲು ಅಂಗಡಿಯೊಂದು ಹೇಳಿದ ಬೆಲೆ ಹದಿನೆಂಟು ಸಾವಿರದ ಆಸುಪಾಸು. ಫೋಮ್ ಹಾಳೆ, ಇಪಾಕ್ಸಿ, ಉಪ್ಪುಕಾಗದ, ಗ್ರಾಮಿನ ತಕ್ಕಡಿ ಎಲ್ಲ ಸೇರಿ ನಾನು ಐದು ಸಾವಿರದೊಳಗೆ ಮುಗಿಸಿದೆ. ಇಪಾಕ್ಸಿಯಲ್ಲಿ ಜಿಪುಣತನ ಮಾಡಬಾರದು. ನೀರು ಹೀರಿದ ಒಡಲು ಕೊಡುವ ಅಂಕಿಗಳನ್ನು ಎಸೆಯಬೇಕಾಗುತ್ತದೆ. ಮನೆಯ ಸಿಮೆಂಟ್ ತೊಟ್ಟಿಯಲ್ಲಿ, ಡೆಕ್ಕಿನ ಮೇಲೆ 20 ಗ್ರಾಂ ತೂಕವನ್ನು 5 ಸೆಂಟಿಮೀಟರ್ ಅಡ್ಡಕ್ಕೆ ಸರಿಸಿದಾಗ ಮಾದರಿ ನಾಲ್ಕು ಡಿಗ್ರಿಯಷ್ಟು ವಾಲಿ ನಿಂತಿತು. ಅಂದರೆ ಮೆಟಾಸೆಂಟ್ರಿಕ್ ಎತ್ತರ ಮಾದರಿಯಲ್ಲಿ ಏಳೂವರೆ ಮಿಲಿಮೀಟರ್, ಹಡಗಿನಲ್ಲಿ ಒಂದೂವರೆ ಮೀಟರ್. ಓಲಾಟದ ಅವಧಿಯೂ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಬಂದು, ಹಡಗಿಗೆ ಹದಿನೈದು ಸೆಕೆಂಡಿನಷ್ಟಾಯಿತು. ಅತಿ ಹೆಚ್ಚು ನಕ್ಕಿದ್ದ ಗೆಳೆಯರು ಬಂದು ತಾವೇ ತೂಕ ಸರಿಸಿ ನೋಡಿ, ಚಹಾ ಕುಡಿದು, ಹೆಚ್ಚು ಮಾತಾಡದೆ ಹೋದರು.

ಹಡಗಿನ ಮಾದರಿಗಳ ಪ್ರಯೋಗಕ್ಕೆ ಹೆಸರಾದ ಎಂಜಿನಿಯರ್ ವಿಲಿಯಂ ಫ್ರೂಡ್ ಇಂಗ್ಲೆಂಡಿನ ಟಾರ್ಕಿಯ ತನ್ನ ತೊಟ್ಟಿಯಲ್ಲಿ ಪ್ಯಾರಾಫಿನ್ ಮೇಣದ ಮಾದರಿಗಳನ್ನು ಎಳೆಯುತ್ತಿದ್ದನಲ್ಲ, ನಾನೂ ಮೇಣದಬತ್ತಿಗಳನ್ನು ಕರಗಿಸಿ ಒಂದು ಒಡಲನ್ನು ಎರಕ ಹೊಯ್ದೆ. ಕೊರೆಯಲು ಮೇಣದಷ್ಟು ಸುಖವಾದ ವಸ್ತು ಇನ್ನೊಂದಿಲ್ಲ, ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದರ ನಡು ಬಾಳೆಹಣ್ಣಿನಂತೆ ಬಾಗಿತು. ಸೆಕೆಂಡಿಗೆ 70 ಸೆಂಟಿಮೀಟರ್ ವೇಗದಲ್ಲಿ ದಾರಕ್ಕೆ ತೂಕ ಕಟ್ಟಿ ಎಳೆಸಿದ ಪ್ರಯೋಗವನ್ನೂ ಕೈಬಿಟ್ಟೆ. ಇಷ್ಟು ಚಿಕ್ಕ ಮಾದರಿಯ ಮೇಲೆ ನೀರಿನ ಹರಿವು ದೊಡ್ಡ ಹಡಗಿನ ಮೇಲಿನಂತೆ ಕದಡುವುದಿಲ್ಲವಾಗಿ ಆ ಅಂಕಿಗಳಿಗೆ ಬೆಲೆಯಿಲ್ಲ.

ಇನ್ನು ಮೇಲಿನ ಟರೆಟ್ ಗುಂಡು ಹಾರಿಸುವಾಗ ಕೆಳಗಿನದಕ್ಕೆ ಬಡಿಯುವ ಸ್ಫೋಟದ ಗಾಳಿಯ ಹೊಡೆತ. ಬ್ರಿಟನ್ನಿನ ಯುದ್ಧನೌಕೆ ಒರಾಯನ್‌ನಲ್ಲಿ ಗುರಿಕಿಂಡಿಗಳು ಕೆಳಗಿನ ಟರೆಟ್‌ನ ಸೂರಿನ ಮೇಲಿದ್ದು ಆ ಹೊಡೆತ ಒಳಗೆ ನುಗ್ಗುತ್ತಿದ್ದುದರಿಂದ ಮೇಲಿನ ಫಿರಂಗಿಗಳನ್ನು ನೇರ ಮುಂದಕ್ಕೆ ಹಾರಿಸುವಂತಿರಲಿಲ್ಲ. ನಾನು ಕಿಂಡಿಗಳನ್ನು ಟರೆಟ್‌ನ ಪಕ್ಕಗಳಿಗೆ ಒಯ್ದೆ. ಹಡಗಿನ ಫಿರಂಗಿ, ಟರ್ಬೈನ್, ಕವಚಗಳಿಗೆ ಬ್ರಿಟನ್ನಿನ ಮೇಲಿನ ಅವಲಂಬನೆ ಮಾತ್ರ ಹಾಗೆಯೇ ಉಳಿಯಿತು, ಮೊದಲ ಮಹಾಯುದ್ಧ ಬಂದಾಗ ಎಸ್ಪಾನ್ಯಾ ವರ್ಗದ ಕೊನೆಯ ಹಡಗು ‘ಹೈಮೆ ಒಂದನೆಯ’ ಪೂರ್ಣಗೊಳ್ಳಲು 1921ರವರೆಗೆ ಕಾಯ್ದಂತೆ ನನ್ನದೂ ಕಾಯಬೇಕಾಗುತ್ತಿತ್ತು. ಡ್ರೆಡ್‌ನಾಟ್‌ಗೆ ಸುಮಾರು 17.8 ಲಕ್ಷ ಪೌಂಡ್ ತಗಲಿದ್ದನ್ನು ನೋಡಿದರೆ ಟನ್ನಿಗೆ ನೂರು ಪೌಂಡ್ ಬೀಳುತ್ತದೆ. ಆ ದರದಲ್ಲಿ ನನ್ನ ಹಡಗಿಗೆ ಹದಿನಾರು ಲಕ್ಷದೊಳಗೆ. ಎತ್ತರದ ಬಾರ್ಬೆಟ್‌ಗಳಿಗೆಂದು ಇನ್ನೊಂದು ಮೂವತ್ತು ಸಾವಿರ ಸೇರಿಸಿದ್ದೇನೆ. ಈಗ ಉಳಿದಿರುವ ಕೊರತೆ ಒಂದೇ: ಮುಂಭಾಗದ ತೂಕಕ್ಕೆ ಮೂತಿ ಅಂಗೈ ಅಗಲದಷ್ಟು ತಗ್ಗಿ ಕೂರುತ್ತದೆ, ಫ್ರೀಬೋರ್ಡ್ (ನೀರಿನಿಂದ ಡೆಕ್ಕಿನವರೆಗಿನ ಎತ್ತರ) ಮೊದಲೇ ನಾಲ್ಕೂವರೆ ಮೀಟರಿನ ಸುತ್ತಮುತ್ತ. ಕಲ್ಲಿದ್ದಲಿನ ಒಂದು ಉಗ್ರಾಣವನ್ನು ಹಿಂದಕ್ಕೆ ಸರಿಸಿ ನೋಡುತ್ತಿದ್ದೇನೆ.