ಗ್ರೀನ್ ಕಾರ್ಡ್: ಕೆಲಸದ ದಾರಿ, ದುಡ್ಡಿನ ದಾರಿ

ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಅಮೆರಿಕಕ್ಕೆ ಬಂದಿದ್ದು, ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ನೆಲೆಸುವ ಪರವಾನಗಿ) ಬೇಕಿದ್ದರೆ ಕಂಪನಿಯವರನ್ನು ಮೊದಲು ಕೇಳಬೇಕಾದ್ದು ಒಂದೇ: ಪರ್ಮ್ (ಆ ಹುದ್ದೆಗೆ ತಕ್ಕ ಅಮೆರಿಕದವರು ಸಿಗಲಿಲ್ಲ ಅಂತ ಕಂಪನಿ ತೋರಿಸುವ ಅರ್ಜಿ) ಯಾವಾಗ ಹಾಕುತ್ತೀರಿ? ಆಫರ್ ಒಪ್ಪುವ ಮುಂಚೆಯೇ ಕೇಳಿದರೆ ಇನ್ನೂ ಒಳ್ಳೆಯದು. ಪರ್ಮ್ ಅರ್ಜಿ ಕಾರ್ಮಿಕ ಇಲಾಖೆಗೆ ಹೋದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿ ನಿಮ್ಮ ಜಾಗ. ಸಂಬಳ ಸ್ವಲ್ಪ ಕಡಿಮೆಯಾದರೂ ಪರ್ಮ್ ಬೇಗ ಹಾಕುವ ಕಂಪನಿಯೇ ಮೇಲು ಅಂತ ನನ್ನ ಲೆಕ್ಕ. ಪರ್ಮ್‌ನ ವಕೀಲರ ಫೀಸು ಕಂಪನಿಯೇ ಕೊಡಬೇಕು, ನಿಮ್ಮಿಂದ ಕೇಳುವ ಹಾಗಿಲ್ಲ.

ಸರದಿ ಯಾಕಿಷ್ಟು ಉದ್ದ? ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್, ಅದರಲ್ಲೇ ಹೆಂಡತಿ ಮಕ್ಕಳೂ ಸೇರುತ್ತಾರೆ, ಮೇಲಿಂದ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ಹಾಗಾಗಿ 2025ರಲ್ಲೂ ಭಾರತದ ಇಬಿ-2 (ಉನ್ನತ ಪದವಿಯವರ ಸಾಲು), ಇಬಿ-3 (ಪದವೀಧರರ, ನುರಿತ ಕೆಲಸಗಾರರ ಸಾಲು) ಎರಡರಲ್ಲೂ ಸರದಿ ಬಂದ ಪ್ರಯಾರಿಟಿ ಡೇಟ್ 2012-13ರ ಆಸುಪಾಸಿನಲ್ಲೇ ತೆವಳುತ್ತಿತ್ತು. ಇಲ್ಲಿ ನೋಡುವುದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ಜಾಗ. ಮಂಗಳೂರು, ಭಟ್ಕಳ ಕಡೆಯ ಎಷ್ಟೋ ಮನೆಗಳಲ್ಲಿ ಕುವೈತ್, ಮಸ್ಕತ್‌ನಲ್ಲಿ ಹುಟ್ಟಿದವರಿದ್ದಾರೆ ಅಲ್ವಾ? ಅವರು ಭಾರತದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಹಾಗೆ ಹುಟ್ಟಿದ್ದರೂ ಇಬ್ಬರಿಗೂ ಆ ಸಾಲು ಸಿಗುತ್ತದೆ. ಮಗು ಅಲ್ಲಿ ಹುಟ್ಟಿದರೆ ಅಪ್ಪ ಅಮ್ಮನಿಗೆ ಪ್ರಯೋಜನವಿಲ್ಲ.

ಕಾಗದಗಳನ್ನು ಈಗಲೇ ಜೋಡಿಸಿ. ಬೆಂಗಳೂರಿನ ಹಳೆ ಕಂಪನಿಯ ಪತ್ರದಲ್ಲಿ ಹುದ್ದೆಯ ಹೆಸರು, ತಾರೀಕು ಇದ್ದರೆ ಸಾಲದು, ಏನು ಕೆಲಸ ಮಾಡಿದಿರಿ ಅಂತಲೂ ಇರಬೇಕು. ಎಚ್‌ಆರ್ ಬರೆದುಕೊಡದಿದ್ದರೆ ಆಗಿನ ಮ್ಯಾನೇಜರ್ ಅಥವಾ ಸಹೋದ್ಯೋಗಿಯಿಂದ ಬರೆಸಿ. ಬಿಕಾಂ, ಬಿಎಸ್ಸಿಯಂಥ ಮೂರು ವರ್ಷದ ಡಿಗ್ರಿಯಾದರೆ ಇಬಿ-2 ಕಷ್ಟ, ವಕೀಲರಿಗೆ ಮೊದಲೇ ಹೇಳಿ. ಬರ್ತ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಇನಿಷಿಯಲ್ ಬೇರೆ ಬೇರೆ ಇದ್ದರೆ, ನಮ್ಮ ಕಡೆ ಇರುವುದೇ ಹಾಗೆ, ಊರಿಗೆ ಹೋದಾಗ ಸರಿ ಮಾಡಿಸಿಕೊಂಡು ಬನ್ನಿ.

ಪರ್ಮ್ ಆದ ಮೇಲೆ ಐ-140, ಅಂದರೆ ನಿಮ್ಮ ಪರವಾಗಿ ಕಂಪನಿ ವಲಸೆ ಇಲಾಖೆಗೆ ಹಾಕುವ ಅರ್ಜಿ. ಅದು ಅಪ್ರೂವ್ ಆದರೆ ಸರದಿ ಬರುವ ತನಕ ಆರು ವರ್ಷದ ಮಿತಿ ದಾಟಿಯೂ ಎಚ್-1ಬಿಯನ್ನು ಮೂರು ಮೂರು ವರ್ಷ ವಿಸ್ತರಿಸಬಹುದು. ಎಚ್-4ನಲ್ಲಿರುವ (ಎಚ್-1ಬಿಯವರ ಕುಟುಂಬದ ವೀಸಾ) ಸಂಗಾತಿ ಕೆಲಸದ ಪರವಾನಗಿ ಕೇಳಬಹುದು. ಕೆಲಸ ಬದಲಿಸುವ ಯೋಚನೆಯಿದ್ದರೆ ಅಪ್ರೂವ್ ಆಗಿ 180 ದಿನ ಕಳೆಯಲಿ. ಆಮೇಲೆ ಹಳೆ ಕಂಪನಿ ಐ-140 ವಾಪಸ್ ತೆಗೆದುಕೊಂಡರೂ ಎಚ್-1ಬಿ ವಿಸ್ತರಣೆಗೆ ಅದು ನಡೆಯುತ್ತದೆ. ಹೊಸ ಕಂಪನಿ ಪರ್ಮ್, ಐ-140 ಎರಡನ್ನೂ ಮತ್ತೆ ಮಾಡಬೇಕು, ಆದರೆ ಹಳೆ ತಾರೀಕು ನಿಮ್ಮ ಜೊತೆ ಬರುತ್ತದೆ.

ಕಂಪನಿಯ ಹಂಗೇ ಬೇಡ ಅನ್ನುವವರಿಗೆ ಎನ್‌ಐಡಬ್ಲ್ಯೂ ಇದೆ, ಅಂದರೆ ನಿಮ್ಮ ಕೆಲಸ ಅಮೆರಿಕದ ಹಿತಕ್ಕೆ ಅಂತ ತೋರಿಸಿ ನೀವೇ ಅರ್ಜಿ ಹಾಕುವುದು. ಆದರೆ ನಿಲ್ಲುವುದು ಅದೇ ಇಬಿ-2 ಸಾಲಿನಲ್ಲಿ. ಇದನ್ನು ಮಾರುವವರು ಆ ಮಾತನ್ನು ಮೆಲ್ಲಗೆ ಹೇಳುತ್ತಾರೆ.

ಇನ್ನು ದುಡ್ಡಿನ ದಾರಿ, ಇಬಿ-5, ಅಂದರೆ ಅಮೆರಿಕದ ಯೋಜನೆಯಲ್ಲಿ ಹಣ ಹೂಡಿ ಗ್ರೀನ್ ಕಾರ್ಡ್ ಪಡೆಯುವುದು. ಹಳ್ಳಿ ಭಾಗದ ಅಥವಾ ನಿರುದ್ಯೋಗ ಜಾಸ್ತಿ ಇರುವ ಜಾಗದ ಯೋಜನೆಯಾದರೆ 8 ಲಕ್ಷ ಡಾಲರ್, ಇಲ್ಲದಿದ್ದರೆ ಸಾಮಾನ್ಯವಾಗಿ 10.5 ಲಕ್ಷ. 10 ಪೂರ್ಣಾವಧಿ ಕೆಲಸ ಹುಟ್ಟಬೇಕು. 2022ರ ಕಾನೂನು ಹಳ್ಳಿ ಯೋಜನೆಗಳಿಗೆ ಶೇ. 20 ವೀಸಾ ಮೀಸಲಿಟ್ಟಿದೆ. 2025ರಲ್ಲಿ ಆ ಮೀಸಲು ಸಾಲಿನಲ್ಲಿ ಭಾರತದವರಿಗೆ ಕಾಯುವಿಕೆ ಇರಲಿಲ್ಲ, ಮೀಸಲಿಲ್ಲದ ಸಾಲಿನಲ್ಲಿ ಇತ್ತು.

ಕಷ್ಟವಾಗುವುದು ದುಡ್ಡಿನ ಮೂಲ ತೋರಿಸುವಾಗ. ಸೈಟು ಮಾರಿದ್ದರೆ ಕ್ರಯಪತ್ರದಲ್ಲಿ ಬರೆದಷ್ಟೇ ಲೆಕ್ಕ. ಗೈಡೆನ್ಸ್ ವ್ಯಾಲ್ಯೂಗೆ ನೋಂದಣಿ ಮಾಡಿಸಿ ಉಳಿದದ್ದನ್ನು ಕೈಯಲ್ಲಿ ನಗದಾಗಿ ತೆಗೆದುಕೊಂಡಿದ್ದರೆ ಆ ದುಡ್ಡು ಇಲ್ಲಿ ಕೆಲಸಕ್ಕೆ ಬಾರದು. ಸೈಟು ಕೊಂಡದ್ದು ಯಾವ ದುಡ್ಡಿನಲ್ಲಿ ಅಂತಲೂ ಕೇಳುತ್ತಾರೆ. ಪಿತ್ರಾರ್ಜಿತ ಜಮೀನಾದರೆ ಪಹಣಿ, ವಿಭಾಗ ಪತ್ರ ಬೇಕು. ಅಪ್ಪ ಕೊಟ್ಟ ಗಿಫ್ಟ್ ಆದರೆ ಅಪ್ಪನ ದುಡ್ಡಿನ ಮೂಲವೂ ಬೇಕು. ಭಾರತದಲ್ಲಿರುವವರು ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬೊಬ್ಬರು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಕಳಿಸಬಹುದು, ಹಾಗಾಗಿ ಗಂಡ ಹೆಂಡತಿ ಸೇರಿ ಮಾರ್ಚ್ 31ರೊಳಗೆ ಒಂದಷ್ಟು, ಏಪ್ರಿಲ್ ಆದಮೇಲೆ ಉಳಿದದ್ದು ಅಂತ ಮೊದಲೇ ಯೋಜಿಸಿ.

ಹಣಕ್ಕೆ ಗ್ಯಾರಂಟಿ ಕೊಡುತ್ತೇವೆ ಅನ್ನುವ ಏಜೆಂಟ್ ಸಿಕ್ಕರೆ ಸುಮ್ನೆ ಎದ್ದು ಬನ್ನಿ. ದುಡ್ಡು ನಷ್ಟವಾಗುವ ಸಾಧ್ಯತೆ ಇರಲೇಬೇಕು ಅಂತ ಕಾನೂನೇ ಹೇಳುತ್ತದೆ. ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-829, ಅಂದರೆ ಷರತ್ತು ತೆಗೆಯಿರಿ ಅನ್ನುವ ಅರ್ಜಿ, ಹಾಕಬೇಕು.